ಸಾಕ್ಷ್ಯಚಿತ್ರ ಮಾಡುವುದು, ಅದಕ್ಕೆ ದನಿ ಕೊಡುವುದು: ಈ ಕೆಲಸಕ್ಕೆ ಬರುವವರಿಗೆ

ಸಾಕ್ಷ್ಯಚಿತ್ರದ ಕೆಲಸಕ್ಕೆ ಬರುತ್ತೇನೆ ಅನ್ನುವ ಹುಡುಗ ಹುಡುಗಿಯರನ್ನು ನಾನು ಕ್ಯಾಮೆರಾದ ಬಗ್ಗೆ ಏನೂ ಕೇಳುವುದಿಲ್ಲ. ಒಬ್ಬ ಹಿರಿಯರ ಎದುರು ಕೂತು, ನಡುವೆ ಬಾಯಿ ಹಾಕದೆ, ಒಂದು ತಾಸು ಅವರ ಮಾತು ಕೇಳಲಿಕ್ಕೆ ಆಗುತ್ತದಾ ಅಂತ ಮಾತ್ರ ಕೇಳುತ್ತೇನೆ. ಆಗುತ್ತದೆ ಅಂದರೆ ಉಳಿದದ್ದೆಲ್ಲ ಕಲಿಯುವಂಥದ್ದೇ. ಆಗುವುದಿಲ್ಲ ಅಂದರೆ ಎಷ್ಟು ಒಳ್ಳೆಯ ಕ್ಯಾಮೆರಾ ಇದ್ದರೂ ಚಿತ್ರದಲ್ಲಿ ಎದುರಿನ ಮನುಷ್ಯ ಇರುವುದಿಲ್ಲ, ನೀವೇ ತುಂಬಿಕೊಂಡಿರುತ್ತೀರಿ.

ನಾನು ಇದಕ್ಕೆ ಬಂದದ್ದು ದನಿಯ ಕಡೆಯಿಂದ. ಕಲಬುರಗಿ ಆಕಾಶವಾಣಿಯಲ್ಲಿ ಕ್ಯಾಶುವಲ್ ಅನೌನ್ಸರ್ ಆಗಿದ್ದೆ. ಆಮೇಲೆ ಬೇರೆಯವರ ಚಿತ್ರಗಳಿಗೆ ನಿರೂಪಣೆ ಓದಿದೆ, ಅದಾದ ಮೇಲೆ ಸ್ವಂತ ಚಿತ್ರ ಮಾಡತೊಡಗಿದೆ. ಹೀಗಾಗಿ ಇಲ್ಲಿ ಕಿವಿಯ ಮಾತು ಹೆಚ್ಚು, ಲೆನ್ಸಿನ ಮಾತು ಕಡಿಮೆ. ಲೆನ್ಸಿನ ಬಗ್ಗೆ ಹೇಳಿಕೊಡುವವರು ಯೂಟ್ಯೂಬಿನಲ್ಲಿ ಬೇಕಾದಷ್ಟಿದ್ದಾರೆ. ಕನ್ನಡದಲ್ಲಿ ನಿರೂಪಣೆ ಬರೆಯುವುದು ಹೇಗೆ, ಓದುವುದು ಹೇಗೆ ಅಂತ ಹೇಳುವವರು ಬೆರಳೆಣಿಕೆಯಷ್ಟು.

ದುಡ್ಡು ಎಲ್ಲಿಂದ

ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ ಇದೇ, ಹಾಗಾಗಿ ಮೊದಲೇ ಮುಗಿಸುತ್ತೇನೆ. 1948ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್ ದಶಕಗಳ ಕಾಲ ಈ ದೇಶದ ಸಾಕ್ಷ್ಯಚಿತ್ರಗಳ ದೊಡ್ಡ ಆಸರೆಯಾಗಿತ್ತು. ಅದರ ಚಿತ್ರಗಳನ್ನು ಥಿಯೇಟರುಗಳು ಮುಖ್ಯ ಸಿನಿಮಾಕ್ಕೆ ಮೊದಲು ತೋರಿಸಲೇಬೇಕಿತ್ತು. ಒಂದೊಂದು ಚಿತ್ರದ ನಿರೂಪಣೆಯೂ ಹಲವು ಭಾಷೆಗಳಲ್ಲಿ ಆಗುತ್ತಿತ್ತು. 2022ರಲ್ಲಿ ಅದು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ (ಎನ್‌ಎಫ್‌ಡಿಸಿ) ಸೇರಿಹೋಯಿತು. ಈಗ ಒಂದೇ ಕಡೆಯಿಂದ ವರ್ಷವಿಡೀ ಕೆಲಸ ಬರುತ್ತದೆ ಅಂತ ಯಾರೂ ಕೂತಿರಲು ಆಗುವುದಿಲ್ಲ. ನಾಲ್ಕು ಕಡೆಯಿಂದ ಸ್ವಲ್ಪ ಸ್ವಲ್ಪ ಕೂಡಿಸಬೇಕು.

ಒಂದನೆಯದು ಆದೇಶದ ಚಿತ್ರಗಳು. ಸರ್ಕಾರಿ ಇಲಾಖೆ, ವಿಶ್ವವಿದ್ಯಾಲಯ, ಸ್ವಯಂಸೇವಾ ಸಂಸ್ಥೆ, ವಸ್ತುಸಂಗ್ರಹಾಲಯ, ಕಂಪನಿ ಇವೆಲ್ಲ ಮಾಡಿಸುತ್ತವೆ. ಕೇಂದ್ರ ಸಾಹಿತ್ಯ ಅಕಾಡೆಮಿ ಲೇಖಕರ ಮೇಲೆ ಚಿತ್ರ ಮಾಡಿಸುತ್ತದೆ, ಕನ್ನಡದ ಲೇಖಕರೂ ಅದರಲ್ಲಿದ್ದಾರೆ. ಎರಡನೆಯದು ಅನುದಾನ. 1993ರಲ್ಲಿ ಹುಟ್ಟಿದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಬೆಂಗಳೂರಿನಲ್ಲೇ ಇದೆ, ಕಲೆಗೆ ಸಂಬಂಧಿಸಿದ ಸಂಶೋಧನೆಗೆ, ಪ್ರಯೋಗಕ್ಕೆ ನೆರವು ಕೊಡುತ್ತದೆ. ಕೋಲ್ಕತ್ತದ ಡಾಕ್‌ಎಡ್ಜ್ ಅನ್ನುವ ಸಾಕ್ಷ್ಯಚಿತ್ರ ವೇದಿಕೆಯಲ್ಲಿ ನಿಮ್ಮ ಚಿತ್ರದ ಯೋಜನೆಯನ್ನು ದೇಶವಿದೇಶದ ನಿರ್ಮಾಪಕರ ಮುಂದೆ ಇಡಬಹುದು. ಮೂರನೆಯದು ದನಿ: ಡಬ್ಬಿಂಗ್, ಆಡಿಯೊಬುಕ್, ತರಬೇತಿ ವಿಡಿಯೊ, ವಸ್ತುಸಂಗ್ರಹಾಲಯದ ಆಡಿಯೊ ಗೈಡ್. ನಾಲ್ಕನೆಯದು ಪಾಠ ಹೇಳುವುದು, ಕಮ್ಮಟ ನಡೆಸುವುದು.

ಸ್ವಂತ ಚಿತ್ರ ನಿಧಾನಕ್ಕೆ ಬೇಯುವಂಥದ್ದು. ಅದು ಬೇಯುವ ತನಕ ಮನೆ ನಡೆಸುವುದು ದನಿ. ನನ್ನ ಮಟ್ಟಿಗಂತೂ ಹಾಗೇ ಆಗಿದೆ. ಅದಕ್ಕೇ ಎರಡನ್ನೂ ಒಟ್ಟಿಗೆ ಕಲಿಯಿರಿ ಅನ್ನುತ್ತೇನೆ. ನಿರೂಪಕರಿಗೆ ಕ್ಯಾಮೆರಾ ಗೊತ್ತಿದ್ದರೆ ಎಲ್ಲಿ ಸುಮ್ಮನಿರಬೇಕು ಅನ್ನುವುದು ತಿಳಿಯುತ್ತದೆ, ನಿರ್ದೇಶಕರಿಗೆ ಮೈಕ್ ಗೊತ್ತಿದ್ದರೆ ಓದಲು ಬಾರದ ವಾಕ್ಯ ಬರೆಯುವುದಿಲ್ಲ.

ಕಲಿಯಲು ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಸಂಸ್ಥೆ ಇದೆ, ಪುಣೆಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ (ಎಫ್‌ಟಿಐಐ) ಇದೆ, ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆ ಇದೆ. ಹೋಗಲು ಆಗುವವರು ಹೋಗಿ. ಆಗದವರು ಕೈಬಿಡಬೇಕಿಲ್ಲ. ಕೆ.ವಿ. ಸುಬ್ಬಣ್ಣನವರು ಹೆಗ್ಗೋಡಿನಂಥ ಹಳ್ಳಿಯಲ್ಲಿ ಸಿನಿಮಾ ನೋಡುವುದನ್ನು ಕಲಿಸಿದ ನಾಡು ಇದು. ದನಿಯ ಕಡೆಗೆ ಆಕಾಶವಾಣಿಯ ಆಡಿಶನ್ ಈಗಲೂ ಒಳ್ಳೆಯ ದಾರಿ. ಆಯ್ಕೆಯಾದವರಿಗೆ ಕೊಡುವ 'ವಾಣಿ' ತರಬೇತಿಯಲ್ಲಿ ಉಚ್ಚಾರ, ಉಸಿರು, ಮೈಕಿನ ಮುಂದಿನ ಶಿಸ್ತು ಎಲ್ಲ ಬರುತ್ತದೆ.

ವಿಷಯ ಹುಡುಕುವಾಗ

ಮತ್ತೆ ಮತ್ತೆ ಹೋಗಲು ಆಗುವ ಜಾಗದ ವಿಷಯ ಹಿಡಿಯಿರಿ. ಮೊದಲ ಸಲ ಹೋದಾಗ ಜನ ನಿಮಗೆ ಹೇಳುವುದು ಪತ್ರಿಕೆಯವರಿಗೆ ಹೇಳಿ ಹೇಳಿ ರೂಢಿಯಾದ ಮಾತು. ಎರಡನೇ ಸಲ ಚಹಾ ಕೊಡುತ್ತಾರೆ. ಅದಕ್ಕೂ ಮುಂದೆ, ನೀವು ಬಂದದ್ದನ್ನೇ ಮರೆತು ಕೆಲಸಕ್ಕೆ ಕೂತಾಗ, ಚಿತ್ರ ಶುರುವಾಗುತ್ತದೆ. ದೂರದ ಊರು ಹಿಡಿದರೆ ಈ ಮೂರನೇ ಹಂತಕ್ಕೆ ಮುಟ್ಟುವಷ್ಟರಲ್ಲಿ ದುಡ್ಡು ಮುಗಿದಿರುತ್ತದೆ.

ನಾನು ಬೀದರಿ ಕೆಲಸದವರ, ಅಂದರೆ ಕಪ್ಪು ಲೋಹದ ಪಾತ್ರೆಗೆ ಬೆಳ್ಳಿಯ ಚಿತ್ತಾರ ಕೂರಿಸುವವರ ಮೇಲೆ ಚಿತ್ರ ಮಾಡಿದ್ದು ಅದೇ ಕಾರಣಕ್ಕೆ. 2017ರಲ್ಲಿ ಕಲಬುರಗಿ-ಬೀದರ್ ರೈಲು ಮಾರ್ಗ ಶುರುವಾದ ಮೇಲೆ ಬೆಳಗ್ಗೆ ಹೋಗಿ ರಾತ್ರಿ ಮನೆಗೆ ಬರುವುದು ಸಲೀಸಾಯಿತು. ಮುಂದಿನ ಉದಾಹರಣೆಗಳೆಲ್ಲ ಅಲ್ಲಿಂದಲೇ ತೆಗೆದುಕೊಳ್ಳುತ್ತೇನೆ. ನಿಮ್ಮೂರಿನ ಕೆಲಸ ಬೇರೆ ಇರಬಹುದು, ಇಳಕಲ್ಲಿನ ಮಗ್ಗವೋ ಕಿನ್ನಾಳದ ಗೊಂಬೆಯೋ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯೋ. ಕ್ರಮ ಇದೇ.

ಕ್ಯಾಮೆರಾ ಹೊರಗೆ ತೆಗೆಯುವ ಮೊದಲು ಆ ಕೆಲಸವನ್ನು ಮೊದಲಿನಿಂದ ಕೊನೆಯ ತನಕ ನೋಡಿ, ಹಂತಗಳನ್ನು ಬರೆದುಕೊಳ್ಳಿ. ಬೀದರಿ ಕೆಲಸದ ಹಂತಗಳು ಹೀಗೆ. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸಿ ಕರಗಿಸುತ್ತಾರೆ, ಮಣ್ಣಿನ ಅಚ್ಚಿಗೆ ಎರಕ ಹೊಯ್ಯುತ್ತಾರೆ. ಹೊರಬಂದ ಪಾತ್ರೆಯನ್ನು ಅರದಿಂದ ತಿಕ್ಕಿ ನಯ ಮಾಡುತ್ತಾರೆ. ಮೈಲುತುತ್ತದ ನೀರು ಸವರಿದಾಗ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ, ಅದರ ಮೇಲೆ ಮೊನಚಾದ ಉಳಿಯಿಂದ ಬರಿಗೈಯಲ್ಲೇ ಬಳ್ಳಿ, ಹೂವು ಬರೆಯುತ್ತಾರೆ. ಬರೆದ ಗೆರೆಯನ್ನು ಕೊರೆದು ತೋಡು ಮಾಡಿ, ಬೆಳ್ಳಿಯ ತಂತಿಯನ್ನೋ ತಗಡನ್ನೋ ಅದರೊಳಗೆ ಬಡಿದು ಕೂರಿಸುತ್ತಾರೆ. ಮತ್ತೆ ತಿಕ್ಕುತ್ತಾರೆ. ಈ ಹಂತದಲ್ಲಿ ಇಡೀ ಪಾತ್ರೆ ಬೂದು ಬೆಳ್ಳಗಿರುತ್ತದೆ. ಬೆಳ್ಳಿ ಯಾವುದು, ಸತು ಯಾವುದು ಅನ್ನುವುದು ಸರಿಯಾಗಿ ಕಾಣುವುದೂ ಇಲ್ಲ. ಕೊನೆಗೆ ಪಾತ್ರೆಯನ್ನು ಸ್ವಲ್ಪ ಬಿಸಿ ಮಾಡಿ, ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಕಲಸಿದ ನೀರಿನಿಂದ ಉಜ್ಜುತ್ತಾರೆ. ಸತುವೆಲ್ಲ ಕಡುಗಪ್ಪಾಗಿ, ಬೆಳ್ಳಿ ಬೆಳ್ಳಿಯಾಗಿಯೇ ಉಳಿದು, ಅಷ್ಟು ಹೊತ್ತು ಮರೆಯಾಗಿದ್ದ ಚಿತ್ತಾರ ಎದ್ದು ಬರುತ್ತದೆ.

ಈ ಪಟ್ಟಿ ಕೈಯಲ್ಲಿದ್ದರೆ ಏನು ಮಾಡಬೇಕು ಅನ್ನುವುದು ತಾನಾಗಿ ಹೊಳೆಯುತ್ತದೆ. ಎರಕ ಹೊಯ್ಯುವುದು ಗಳಿಗೆಯ ಕೆಲಸ, ಕೊರೆಯುವುದು ದಿನಗಟ್ಟಲೆಯದು. ಕೊರೆಯುವುದನ್ನು ನೀವು ಯಾವಾಗ ಬೇಕಾದರೂ ತೆಗೆಯಬಹುದು. ಕೊನೆಗೆ ಮಣ್ಣಿನಿಂದ ಕಪ್ಪಾಗುವುದು ಮಾತ್ರ ಒಂದು ಪಾತ್ರೆಗೆ ಒಂದೇ ಸಲ, ಅದೂ ಬೇಗ ಆಗಿಹೋಗುತ್ತದೆ. "ಇನ್ನೊಮ್ಮೆ ಮಾಡ್ರಿ" ಅನ್ನಲಿಕ್ಕೆ ಬರುವುದಿಲ್ಲ. ಅದಕ್ಕೆ ಬೆಳಕು ಎಲ್ಲಿಂದ ಬರುತ್ತದೆ, ಕೈ ಯಾವ ಕಡೆ ಅಡ್ಡ ಬರುತ್ತದೆ ಅಂತ ಮೊದಲೇ ಬೇರೆ ಪಾತ್ರೆ ನೋಡಿ ತಿಳಿದುಕೊಂಡಿರಬೇಕು. ಕಪ್ಪು ಲೋಹದ ಮೇಲೆ ಬೆಳ್ಳಿಯ ಗೆರೆ ತೆಗೆಯುವಾಗ ನೇರ ದೀಪ ಬಿಟ್ಟರೆ ಬರೀ ಹೊಳಪು ಕಾಣುತ್ತದೆ. ಕಿಟಕಿಗೆ ಬಿಳಿ ಬಟ್ಟೆ ಕಟ್ಟಿ, ಪಕ್ಕದಿಂದ ಬೆಳಕು ಬರುವ ಹಾಗೆ ಕೂರಿಸಿ.

ಸಾಮಾನು

ಕ್ಯಾಮೆರಾ ಯಾವುದಾದರೂ ಆಗಲಿ, ಇದ್ದದ್ದರಲ್ಲೇ ಶುರು ಮಾಡಿ. ನಮ್ಮ ದೇಶದ ವಿದ್ಯುತ್ 50 ಹರ್ಟ್ಜ್. ಹಾಗಾಗಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟುಕೊಂಡರೆ ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಮಿಣುಕುವುದಿಲ್ಲ. ಉಳಿದ ದುಡ್ಡನ್ನೆಲ್ಲ ಸದ್ದಿಗೆ ಹಾಕಿ. ಒಂದು ಒಳ್ಳೆಯ ಕಾಲರ್ ಮೈಕ್, ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ ಒಂದು ಶಾಟ್‌ಗನ್ ಮೈಕ್, ಒಂದು ರೆಕಾರ್ಡರ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ಚಿತ್ರ ಸ್ವಲ್ಪ ಮಂಕಾಗಿದ್ದರೆ ನೋಡುವವರು ಸಹಿಸುತ್ತಾರೆ. ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ.

ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಆ ಕೋಣೆಯ ಬರೀ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳಿ. ಸಂಕಲನದಲ್ಲಿ ಎರಡು ಮಾತಿನ ನಡುವಿನ ಸಂದು ಮುಚ್ಚುವುದು ಅದೇ. ಕೆಲಸದ ಸದ್ದನ್ನು ಬೇರೆಯಾಗಿ ಹತ್ತಿರದಿಂದ ಹಿಡಿಯಿರಿ. ಉಳಿ ಲೋಹ ಕೊರೆಯುವ ಸದ್ದು, ಬೆಳ್ಳಿ ಬಡಿಯುವ ಸಣ್ಣ ಸುತ್ತಿಗೆಯ ಸದ್ದು, ಅರದ ಕರಕರ, ಮೂರೂ ಬೇರೆ ಬೇರೆ. ಕಣ್ಣು ಮುಚ್ಚಿ ಕೇಳಿದರೂ ಯಾವ ಹಂತ ನಡೆದಿದೆ ಅಂತ ಹೇಳಬಹುದು. ಇಂಥ ಸದ್ದು ನಿಮ್ಮಲ್ಲಿದ್ದರೆ ನಿರೂಪಣೆಯ ಅರ್ಧ ಹೊರೆ ಇಳಿದ ಹಾಗೆ.

ಮಾತಾಡಿಸುವುದು

ನಮ್ಮ ಕಡೆ ಜನರನ್ನು "ಈ ಕೆಲಸ ನಿಮ್ಮ ಅಪ್ಪನಿಂದ ಕಲ್ತಿರೇನ್ರಿ?" ಅಂತ ಕೇಳಿದರೆ "ಹೂನ್ರಿ" ಅಂತಾರೆ, ಅಷ್ಟಕ್ಕೇ ಮುಗಿಯಿತು. ನಿಮ್ಮ ಪ್ರಶ್ನೆ ಚಿತ್ರದಲ್ಲಿ ಇರುವುದಿಲ್ಲ, ಬರೀ "ಹೂನ್ರಿ" ಇಟ್ಟುಕೊಂಡು ಏನು ಮಾಡುತ್ತೀರಿ? "ಮೊದಲನೇ ಸಲ ಉಳಿ ಹಿಡಿದ ದಿನ ಹೇಳ್ರಿ" ಅಂತ ಕೇಳಿ. ಹೇಳ್ರಿ, ತೋರಸ್ರಿ, ಆಮ್ಯಾಲ ಏನಾತು, ಈ ಮೂರರಲ್ಲೇ ನನ್ನ ಅರ್ಧ ಸಂದರ್ಶನ ಮುಗಿಯುತ್ತದೆ. ಉತ್ತರ ಮುಗಿಯಿತು ಅನ್ನಿಸಿದ ಮೇಲೂ ತಕ್ಷಣ ಮುಂದಿನ ಪ್ರಶ್ನೆ ಹಾಕಬೇಡಿ. ಸುಮ್ಮನೆ ಅವರ ಮುಖ ನೋಡುತ್ತ ಕೂತಿರಿ. ಆ ಮೌನ ತುಂಬಲು ಅವರು ಹೇಳುವ ಮಾತೇ ಎಷ್ಟೋ ಸಲ ಚಿತ್ರದ ಜೀವ ಆಗುತ್ತದೆ. ನೀವು ತಲೆ ಆಡಿಸಬಹುದು, "ಹಾಂ, ಹಾಂ" ಅನ್ನಬಾರದು. ನಿಮ್ಮ ಹಾಂಕಾರ ಅವರ ಮಾತಿನ ಮೇಲೆ ಕೂತರೆ ಕತ್ತರಿಸಿ ತೆಗೆಯಲಾಗುವುದಿಲ್ಲ.

ಕೂರಿಸಿ ಮಾತಾಡಿಸುವುದಕ್ಕಿಂತ ಕೆಲಸ ಮಾಡುತ್ತಲೇ ಮಾತಾಡಿಸುವುದು ಒಳ್ಳೆಯದು. ಕೈಗೆ ಕೆಲಸ ಇದ್ದಾಗ ನಾಲಿಗೆ ಸಡಿಲ ಆಗುತ್ತದೆ. ಬೀದರಿನಲ್ಲಿ ಮಣ್ಣಿನ ಗುಣ ನೋಡಲು ಕಸುಬುದಾರರು ಅದನ್ನು ನಾಲಿಗೆಯ ತುದಿಗೆ ಇಟ್ಟು ನೋಡುತ್ತಾರೆ. ಎದುರಿಗೆ ಕುರ್ಚಿ ಹಾಕಿ "ಮಣ್ಣಿನ ವಿಶೇಷ ಏನು?" ಅಂತ ಕೇಳಿದರೆ ಕೋಟೆಯ ಇತಿಹಾಸ ಬರುತ್ತದೆ. ಮಣ್ಣಿನ ಡಬ್ಬಿ ತೆರೆದಾಗ ಪಕ್ಕದಲ್ಲಿ ಕೂತು "ಇದು ಛಲೋ ಅದನೋ ಇಲ್ಲೋ ಹೆಂಗ ಗೊತ್ತಾಗ್ತದ?" ಅಂತ ಕೇಳಿದರೆ ಚಿಟಿಕೆ ಮಣ್ಣು ನಾಲಿಗೆಗೆ ಹೋಗುತ್ತದೆ.

ಭಾಷೆಯ ವಿಷಯ. ಬೀದರಿನ ಒಂದೇ ಅಂಗಡಿಯಲ್ಲಿ ಕನ್ನಡ, ದಖ್ಖನಿ ಉರ್ದು, ಮರಾಠಿ, ತೆಲುಗು ನಾಲ್ಕೂ ಓಡಾಡುತ್ತವೆ. ಅವರಿಗೆ ಸಲೀಸಾದ ಭಾಷೆಯಲ್ಲೇ ಹೇಳಲಿ. ಗ್ರಂಥದ ಕನ್ನಡಕ್ಕೆ ತಿದ್ದಿಸಿ ಹೇಳಿಸಬೇಡಿ, ಅವರ ದನಿಯ ಮೇಲೆ ನಿಮ್ಮ ದನಿಯನ್ನೂ ಹೊದಿಸಬೇಡಿ. ಕೆಳಗೆ ಕನ್ನಡ ಅಕ್ಷರ ಕೊಡಿ. ಒಬ್ಬ ಮನುಷ್ಯ ತನ್ನ ಬದುಕಿನ ಬಗ್ಗೆ ಹೇಳುವಾಗ ಆ ದನಿಯನ್ನು ತಗ್ಗಿಸಿ ಸ್ಟುಡಿಯೊದ ದನಿ ಏರಿಸುವುದು ನನಗೆ ಅನ್ಯಾಯ ಅಂತಲೇ ಅನ್ನಿಸುತ್ತದೆ. ದನಿಯಿಂದಲೇ ಅನ್ನ ತಿನ್ನುವ ನಾನು ಇದನ್ನು ಹೇಳುತ್ತಿದ್ದೇನೆ.

ಇನ್ನೊಂದು ಮಾತು. ನಿಮಗಾಗಿ ಅವರು ಕೆಲಸ ನಿಲ್ಲಿಸಿದರೆ ಆ ಹೊತ್ತಿನ ಕೂಲಿ ಕೊಡಿ. ಮಾತಿಗೆ ದುಡ್ಡು ಕೊಡಬೇಡಿ.

ನಿರೂಪಣೆ ಬರೆಯುವುದು

ಹೆಚ್ಚಿನವರು ಮೊದಲು ನಿರೂಪಣೆ ಬರೆದು, ಆಮೇಲೆ ಅದಕ್ಕೆ ಚಿತ್ರ ಅಂಟಿಸುತ್ತಾರೆ. ಆಗ ಸಾಕ್ಷ್ಯಚಿತ್ರ ಪ್ರಬಂಧ ಆಗುತ್ತದೆ. ನಿರೂಪಣೆ ಕೊನೆಗೆ ಬರೆಯಬೇಕು. ಮೊದಲು ಎಲ್ಲರ ಮಾತನ್ನೂ ಅಕ್ಷರಕ್ಕಿಳಿಸಿ, ಮುದ್ರಿಸಿ, ಬೇಕಾದ ಸಾಲುಗಳನ್ನು ಕತ್ತರಿಸಿ ನೆಲದ ಮೇಲೆ ಹರಡಿ ಜೋಡಿಸಿ. ಅದರ ಪ್ರಕಾರ ಚಿತ್ರ ಕೂಡಿಸಿ. ನಿರೂಪಣೆ ಒಂದು ಸಾಲೂ ಇಲ್ಲದೆ ವಿಷಯ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ. ಅವರು ಎಲ್ಲಿ "ಇದೇನು?" ಅಂತ ಕೇಳುತ್ತಾರೋ ಅಲ್ಲಿ ಮಾತ್ರ ನಿಮ್ಮ ಮಾತು ಬೇಕು. ಕೆಲವು ಚಿತ್ರಕ್ಕೆ ಒಂದು ಸಾಲೂ ಬೇಡವಾಗುತ್ತದೆ. ಬೇಡವಾದರೆ ಬಿಟ್ಟುಬಿಡುವ ಧೈರ್ಯ ಇರಲಿ.

ಕಣ್ಣಿಗೆ ಕಾಣುವುದನ್ನು ಬಾಯಲ್ಲಿ ಹೇಳಬೇಡಿ. ಪರದೆಯ ಮೇಲೆ ಒಬ್ಬರು ಹೂಜಿ ಕೊರೆಯುತ್ತಿದ್ದಾರೆ. ಸಾಮಾನ್ಯವಾಗಿ ಬರೆಯುವುದು ಹೀಗೆ: "ಇಲ್ಲಿ ಕುಶಲಕರ್ಮಿಯೊಬ್ಬರು ತಮ್ಮ ಉಳಿಯ ಸಹಾಯದಿಂದ ಹೂಜಿಯ ಮೇಲೆ ಅತ್ಯಂತ ಸುಂದರವಾದ ಚಿತ್ತಾರಗಳನ್ನು ಮೂಡಿಸುತ್ತಿರುವುದನ್ನು ಕಾಣಬಹುದು." ಕಾಣಬಹುದು ಅಂತ ಹೇಳುವುದೇ ಬೇಡ, ಕಾಣುತ್ತಿದೆ. ಸುಂದರ ಹೌದೋ ಅಲ್ಲವೋ ನೋಡುವವರು ತೀರ್ಮಾನಿಸಲಿ. ಅದೇ ಜಾಗಕ್ಕೆ ನಾನು ಬರೆಯುವುದು: "ಈ ಗೆರೆಗೆ ಅಚ್ಚು ಒತ್ತಿಲ್ಲ, ಬರಿಗೈಯಲ್ಲೇ ಬರೆದದ್ದು. ಉಳಿ ಒಮ್ಮೆ ಜಾರಿದರೆ ಗೆರೆ ಕೆಟ್ಟ ಹಾಗೆ." ಚಿತ್ರದಲ್ಲಿ ಇಲ್ಲದ್ದನ್ನು ಹೇಳಿದಾಗ ಅದೇ ಚಿತ್ರವನ್ನು ಜನ ಇನ್ನಷ್ಟು ಹತ್ತಿರದಿಂದ ನೋಡುತ್ತಾರೆ, ಕೈ ಜಾರೀತೇ ಅಂತ ಕಾಯುತ್ತಾರೆ.

ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಸಂಕಲನಕಾರರ ಜತೆ ಕೂತಾಗ ಇದನ್ನು ಮರೆಯಬೇಡಿ. "ಮಳೆ ತಾಗದ, ಬಿಸಿಲು ಬೀಳದ, ಕೋಟೆಯ ಒಳಗಿನ ಹಳೆಯ ಮೂಲೆಯಿಂದ ಈ ಮಣ್ಣು ತರುತ್ತಾರೆ" ಅಂತ ಸಾಲು ಇದ್ದರೆ ಮೊದಲು ಕೋಟೆಯ ಗೋಡೆ, ಆಮೇಲೆ ಕತ್ತಲ ಮೂಲೆ, "ತರುತ್ತಾರೆ" ಅನ್ನುವ ಹೊತ್ತಿಗೆ ಅಂಗೈಯ ಮಣ್ಣು ಬರಬೇಕು. ಮಣ್ಣನ್ನೇ ಮೊದಲು ತೋರಿಸಿದರೆ ನೋಡುವವರಿಗೆ ಉತ್ತರ ಮೊದಲೇ ಸಿಕ್ಕಿ, ಉಳಿದ ಮಾತು ಸುಮ್ಮನೆ ಎಳೆದ ಹಾಗಾಗುತ್ತದೆ. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವ ಡಬ್ಬಿಂಗ್ ಚಿತ್ರಗಳಲ್ಲಿ ಮಾತು ಮತ್ತು ಚಿತ್ರ ಒಂದಕ್ಕೊಂದು ಹಿಂದುಮುಂದಾಗಿ ಓಡುವುದಕ್ಕೆ ಮುಖ್ಯ ಕಾರಣ ಇದು.

ಉದ್ದದ ಲೆಕ್ಕವೂ ಬೇರೆ. ಇಂಗ್ಲಿಷ್ ನಿರೂಪಣೆ ನಿಮಿಷಕ್ಕೆ 130-150 ಪದ ಓಡುತ್ತದೆ. ಕನ್ನಡದ ಪದ ಉದ್ದ, ವಿಭಕ್ತಿ ಪ್ರತ್ಯಯ ಎಲ್ಲ ಒಳಗೇ ಸೇರಿರುತ್ತದೆ. ನಾನು ನಿಮಿಷಕ್ಕೆ 80ರಿಂದ 90 ಪದ ಅಂತ ಹಿಡಿಯುತ್ತೇನೆ. ಅದಕ್ಕಿಂತ ಹೆಚ್ಚಾದರೆ ವಾರ್ತೆ ಓದಿದ ಹಾಗೆ ಕೇಳುತ್ತದೆ, ಚಿತ್ರಕ್ಕೆ ಉಸಿರಾಡಲು ಜಾಗ ಸಿಗುವುದಿಲ್ಲ. ಅನುವಾದ ಮಾಡಿ ಓದಲು ಯಾರಾದರೂ ಕರೆದರೆ ಮೊದಲೇ ಹೇಳಿಬಿಡಿ: ಕಾಲು ಭಾಗ ಕಡಿಯಬೇಕಾಗುತ್ತದೆ, ಅರ್ಥ ಕೆಡದ ಹಾಗೆ ಕಡಿಯುವ ಕೆಲಸ ನನ್ನದು.

ಒಂದು ಸಾಲಿಗೆ ಒಂದೇ ಅಂಕಿ. ಇಸವಿ, ತೂಕ, ಬೆಲೆ ಮೂರನ್ನೂ ಒಂದೇ ವಾಕ್ಯಕ್ಕೆ ತುರುಕಿದರೆ ಕಿವಿಗೆ ಯಾವುದೂ ನಿಲ್ಲುವುದಿಲ್ಲ. "ಇವರಿಂದ ಮಾಡಲ್ಪಟ್ಟ" ಅನ್ನುವ ಜಾತಿಯ ವಾಕ್ಯ ಒಂದೂ ಇರಬಾರದು. ಬರೆದದ್ದನ್ನು ಮೊಬೈಲಿನಲ್ಲಿ ನೀವೇ ಓದಿ, ಆ ಕಚ್ಚಾ ದನಿಯನ್ನು ಚಿತ್ರದ ಮೇಲೆ ಕೂರಿಸಿ ನೋಡಿ. ನಾಲಿಗೆ ತೊಡರಿದ ಕಡೆ ಉಚ್ಚಾರ ಅಭ್ಯಾಸ ಮಾಡುವ ಬದಲು ವಾಕ್ಯವನ್ನೇ ಬದಲಿಸಿ.

ಮಣ್ಣಿನ ನೀರು ತಾಗಿ ಹೂಜಿ ಕಪ್ಪಾಗುವ ಗಳಿಗೆಗೆ ಏನು ಬರೆಯಬೇಕು ಅಂತ ನನ್ನ ಕಮ್ಮಟದಲ್ಲಿ ಕೇಳುತ್ತೇನೆ. ಒಬ್ಬೊಬ್ಬರು ಒಂದೊಂದು ಚಂದದ ಸಾಲು ತರುತ್ತಾರೆ. ಅಲ್ಲಿ ಏನೂ ಬರೆಯಬಾರದು. ಆ ದೃಶ್ಯಕ್ಕೆ ಬೇಕಾದ ಮಾತನ್ನೆಲ್ಲ ಅದಕ್ಕಿಂತ ಮುಂಚೆಯೇ ಮುಗಿಸಿಬಿಡಬೇಕು. ಬೆಳ್ಳಿ ಇನ್ನೂ ಕಾಣದೆ ಇರುವಾಗಲೇ "ನವಸಾಗರ ಕಲಸಿದ ಈ ಮಣ್ಣು ಸತುವನ್ನು ಕಪ್ಪು ಮಾಡುತ್ತದೆ, ಬೆಳ್ಳಿಯನ್ನು ಮುಟ್ಟುವುದಿಲ್ಲ" ಅಂತ ಹೇಳಿ ಸುಮ್ಮನಾಗಬೇಕು. ಆಮೇಲೆ ಉಜ್ಜುವ ಸದ್ದು ಸಾಕು. ಕಾರಣ ಮೊದಲೇ ಗೊತ್ತಿದ್ದರೆ ಕಣ್ಣೆದುರು ಆಗುವುದನ್ನು ಜನ ತಾವೇ ಕಂಡುಹಿಡಿದ ಹಾಗೆ ನೋಡುತ್ತಾರೆ.

ಮೈಕಿನ ಮುಂದೆ

ಸ್ಟುಡಿಯೊ ಇಲ್ಲ ಅಂತ ಕೂರಬೇಡಿ. ಮನೆಯ ಒಳಕೋಣೆಯಲ್ಲಿ, ಹಗ್ಗ ಕಟ್ಟಿ, ದಪ್ಪ ಕೌದಿಗಳನ್ನು ಮೂರು ಕಡೆ ಇಳಿಬಿಟ್ಟರೆ ಮಾರ್ದನಿ ಸಾಕಷ್ಟು ತಗ್ಗುತ್ತದೆ. ಫ್ಯಾನ್, ಫ್ರಿಜ್ ಆರಿಸಿ. ಮೈಕ್ ಬಾಯಿಂದ ಒಂದು ಗೇಣು ದೂರ ಇರಲಿ, ನೇರಕ್ಕೆ ಬೇಡ, ಸ್ವಲ್ಪ ಓರೆಗೆ. ಪ, ಫ, ಬ, ಭ ಬಂದಾಗ ಗಾಳಿ ಮೈಕಿಗೆ ಬಡಿದು 'ಭುಪ್' ಅನ್ನುವುದು ಇದರಿಂದ ತಪ್ಪುತ್ತದೆ. ರೆಕಾರ್ಡರಿನ ಸೆಟ್ಟಿಂಗ್ 48 ಕಿಲೋಹರ್ಟ್ಜ್, 24 ಬಿಟ್ ಇರಲಿ.

ಉಚ್ಚಾರದಲ್ಲಿ ನಮ್ಮವರು ಎಡವುವುದು ಕೆಲವೇ ಕಡೆ. ಅಕಾರ-ಹಕಾರ, ಶ-ಷ-ಸ, ನ-ಣ, ಲ-ಳ, ಮಹಾಪ್ರಾಣ. ದಿನಾ ಬೆಳಗ್ಗೆ ಪತ್ರಿಕೆಯ ಸಂಪಾದಕೀಯ ಗಟ್ಟಿಯಾಗಿ ಓದಿ, ರೆಕಾರ್ಡ್ ಮಾಡಿ, ರಾತ್ರಿ ಕೇಳಿ. ಮಹಾಪ್ರಾಣ ಬಿಟ್ಟುಹೋಗುವವರು ಅದನ್ನು ಸರಿ ಮಾಡಲು ಹೋಗಿ ಇಲ್ಲದ ಕಡೆಯೂ ಒತ್ತಿ ಹೇಳುವುದುಂಟು, ಅದು ಇನ್ನೂ ಕೆಟ್ಟದಾಗಿ ಕೇಳುತ್ತದೆ. ಆದರೆ ನಿಮ್ಮ ಊರಿನ ಲಯವನ್ನು ಪೂರ್ತಿ ತೊಳೆದು ಹಾಕಬೇಡಿ. ಬೀದರಿನ ಚಿತ್ರಕ್ಕೆ ಕಲಬುರಗಿಯವರ ದನಿಯ ಏರಿಳಿತ ಇದ್ದರೆ ಅದು ಆ ಚಿತ್ರದ ಒಡವೆ. ಪದ ಶುದ್ಧವಾಗಿರಲಿ, ರಾಗ ನಿಮ್ಮದೇ ಇರಲಿ.

ಓದುವ ಹಾಳೆಯ ಮೇಲೆ ಗುರುತು ಹಾಕಿಕೊಳ್ಳಿ: ಸಣ್ಣ ಉಸಿರಿಗೆ ಒಂದು ಗೆರೆ, ದೊಡ್ಡ ನಿಲುಗಡೆಗೆ ಎರಡು, ಒತ್ತಿ ಹೇಳುವ ಪದಕ್ಕೆ ಅಡಿಗೆರೆ. ಒಂದು ವಾಕ್ಯಕ್ಕೆ ಒಂದೇ ಅಡಿಗೆರೆ. ವಾಕ್ಯದ ಕೊನೆಯ "ದೆ", "ರೆ", "ತ್ತಾರೆ" ನುಂಗಿ ಹೋಗದ ಹಾಗೆ ಉಸಿರು ಉಳಿಸಿಕೊಳ್ಳಿ. ನಮ್ಮ ಭಾಷೆಯಲ್ಲಿ ಅರ್ಥ ಪೂರ್ತಿಯಾಗುವುದೇ ಆ ಕೊನೆಯಲ್ಲಿ. ಆಕಾಶವಾಣಿಯ ಹಿರಿಯ ಉದ್ಘೋಷಕರೊಬ್ಬರು ನಮಗೆ ಹೇಳುತ್ತಿದ್ದದ್ದು: ಸಾವಿರಾರು ಜನ ಕೇಳುತ್ತಿದ್ದಾರೆ ಅಂತ ಮಾತಾಡಬೇಡಿ, ಬದುವಿನ ಮೇಲೆ ರೇಡಿಯೊ ಇಟ್ಟು ಕಳೆ ತೆಗೆಯುವ ಒಬ್ಬರಿಗೆ ಅಂತ ಮಾತಾಡಿ. ಸಾಕ್ಷ್ಯಚಿತ್ರಕ್ಕೂ ಅದೇ. ದನಿ ಏರಿಸಿ ಗಾಂಭೀರ್ಯ ತರುವ ಕಾಲ ಮುಗಿಯಿತು.

ತಿದ್ದುಪಡಿಗೆ ಮತ್ತೆ ಓದುವಾಗ ಅದೇ ಜಾಗ, ಅದೇ ಮೈಕ್, ದಿನದ ಅದೇ ಹೊತ್ತು ಇರಲಿ. ಬೆಳಗಿನ ದನಿ, ಸಂಜೆಯ ದನಿ ಒಂದಕ್ಕೊಂದು ಸೇರುವುದಿಲ್ಲ. ಹಳೆಯ ಸಾಲನ್ನು ಒಮ್ಮೆ ಕೇಳಿಯೇ ಹೊಸದನ್ನು ಓದಿ.

ಈ ಕೆಲಸಕ್ಕೆ ತನ್ನದೇ ಮರ್ಯಾದೆಯೂ ಇದೆ. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಕಥೇತರ ವಿಭಾಗದಲ್ಲಿ ನಿರೂಪಣೆಗೇ ಪ್ರತ್ಯೇಕ ಪ್ರಶಸ್ತಿ ಇದೆ. ನಮ್ಮ ರಾಜ್ಯದ ಕಾಡುಗಳ ಮೇಲೆ ಬಂದ 'ವೈಲ್ಡ್ ಕರ್ನಾಟಕ' ಚಿತ್ರದ ನಿರೂಪಣೆಗೆ ಡೇವಿಡ್ ಅಟೆನ್‌ಬರೊ ಅವರಿಗೆ ಅದು ಬಂದದ್ದು 67ನೇ ಸಾಲಿನಲ್ಲಿ.

ಕಾಗದ, ಅನುಮತಿ, ಒಪ್ಪಂದ

ಬೇಸರದ ಕೆಲಸ, ಆದರೆ ಮಾಡಲೇಬೇಕು.

ಕ್ಯಾಮೆರಾ ಎದುರು ಬಂದ ಪ್ರತಿಯೊಬ್ಬರಿಂದ ಒಪ್ಪಿಗೆ ಪತ್ರ ಬೇಕು, ಅವರಿಗೆ ಗೊತ್ತಿರುವ ಭಾಷೆಯಲ್ಲಿ. ಓದಲು ಬಾರದವರಿಗೆ ಓದಿ ಹೇಳಿ, ಅವರು ಒಪ್ಪಿದ್ದನ್ನು ಕ್ಯಾಮೆರಾದಲ್ಲೇ ಹಿಡಿಯಿರಿ. ಬೀದರ್ ಕೋಟೆ, ಮಹಮೂದ್ ಗವಾನನ ಮದರಸಾದಂಥ ಕಡೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಅನುಮತಿ ಮೊದಲೇ ತೆಗೆದುಕೊಳ್ಳಿ. ಅಭಯಾರಣ್ಯ ಅಂದರೆ ಮುಖ್ಯ ವನ್ಯಜೀವಿ ಪಾಲಕರ ಅನುಮತಿ. ಡ್ರೋನ್ ಹಾರಿಸುವ ಮೊದಲು, ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ. ಬೀದರಿನಲ್ಲಿ ವಾಯುಪಡೆಯ ನೆಲೆ ಇದೆ, ಅಲ್ಲಿ ಆಕಾಶದಿಂದ ಕೋಟೆ ತೆಗೆಯುತ್ತೇನೆ ಅನ್ನುವ ಆಸೆಯನ್ನು ನಾನು ಮೊದಲೇ ಬಿಟ್ಟೆ. ಮೇಲಿನಿಂದ ತೆಗೆದ ದೃಶ್ಯವಿಲ್ಲದೆಯೂ ಚಿತ್ರ ಆಗುತ್ತದೆ.

ಪದ್ಯ ಬಳಸುವಾಗ ಹುಷಾರು. ಲೇಖಕರು ತೀರಿಕೊಂಡ ವರ್ಷದ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅಂದರೆ 2041ರ ಕೊನೆಯ ತನಕ ಅನುಮತಿ ಬೇಕು. ಕುವೆಂಪು ಅವರದು 2054ರ ತನಕ. ಪಂಜೆ ಮಂಗೇಶರಾಯರದು ಮುಗಿದಿದೆ. ವಚನದ ಪಠ್ಯಕ್ಕೆ ಹಕ್ಕಿಲ್ಲ ಅಂತ ಯಾವುದೋ ಗಾಯಕರ ಧ್ವನಿಮುದ್ರಣ ಎತ್ತಿ ಹಾಕಬೇಡಿ, ರಾಗ ಹಾಕಿದವರಿಗೂ ಧ್ವನಿಮುದ್ರಣ ಮಾಡಿಸಿದವರಿಗೂ ಬೇರೆಯೇ ಹಕ್ಕಿದೆ. ಮನೆಯ ಗೋಡೆಯ ಹಳೆಯ ಫೋಟೊ ಮನೆಯವರ ಬಳಿ ಇದ್ದರೂ ಅದರ ಹಕ್ಕು ಬೇರೆಯವರದ್ದಾಗಿರಬಹುದು.

ಆದೇಶದ ಚಿತ್ರಕ್ಕೆ ದುಡ್ಡು ಮೂರು ಕಂತು: ಒಪ್ಪಂದದ ದಿನ, ಚಿತ್ರೀಕರಣ ಮುಗಿದ ದಿನ, ಕೊನೆಯ ಪ್ರತಿ ಕೊಡುವ ದಿನ. ಕೊನೆಯ ಕಂತು ಚಿಕ್ಕದಿರಲಿ, ಬರುವುದು ತಡವಾಗುವುದು ಅದೇ. ಎಷ್ಟು ಸಲ ತಿದ್ದಿಕೊಡುತ್ತೀರಿ ಅನ್ನುವುದನ್ನು ಬರೆಯಿರಿ. ಅವರಿಗಾಗಿ ತೆಗೆದ ದೃಶ್ಯವನ್ನು ನಿಮ್ಮ ಸ್ವಂತ ಚಿತ್ರಕ್ಕೆ ಬಳಸಬಹುದೇ ಅನ್ನುವುದನ್ನೂ ಬರೆಸಿಕೊಳ್ಳಿ. ಶುಲ್ಕದಲ್ಲಿ ಸಾಮಾನ್ಯವಾಗಿ 10% ಟಿಡಿಎಸ್, ಅಂದರೆ ಆದಾಯ ತೆರಿಗೆಯನ್ನು ಮೊದಲೇ ಮುರಿಯುತ್ತಾರೆ, ರಿಟರ್ನ್ ಸಲ್ಲಿಸಿದರೆ ಹೆಚ್ಚಾದದ್ದು ವಾಪಸ್ ಬರುತ್ತದೆ. ಬಹಳ ಜನ ಸಲ್ಲಿಸದೆ ಕಳೆದುಕೊಳ್ಳುತ್ತಾರೆ.

ದನಿಯ ಒಪ್ಪಂದದಲ್ಲಿ ಎರಡು ಸಾಲು ಇಲ್ಲದೆ ಸಹಿ ಹಾಕಬೇಡಿ. ಈ ದನಿ ಯಾವ ಚಿತ್ರಕ್ಕೆ, ಯಾವ ಮಾಧ್ಯಮಕ್ಕೆ, ಎಷ್ಟು ವರ್ಷ ಅನ್ನುವುದು ಒಂದು. ತರಬೇತಿ ವಿಡಿಯೊಕ್ಕೆ ಓದಿದ್ದು ಜಾಹೀರಾತಿನಲ್ಲಿ ಕೇಳಿಬರುವುದು ನಮ್ಮಲ್ಲಿ ಹೊಸದಲ್ಲ. ಇನ್ನೊಂದು, ಈ ರೆಕಾರ್ಡಿಂಗನ್ನು ಯಂತ್ರಕ್ಕೆ ಕಲಿಸಿ ನಿಮ್ಮ ದನಿಯ ನಕಲು ಮಾಡಬಾರದು ಅನ್ನುವುದು. ಮಾಡುವುದೇ ಉದ್ದೇಶ ಅಂತಾದರೆ ಅದಕ್ಕೆ ಬೇರೆ ಒಪ್ಪಂದ, ಬೇರೆ ದರ. ಕನ್ನಡದ ಹೊಸ ನಿರೂಪಕರು ಇದನ್ನು ಕೇಳಲು ಸಂಕೋಚಪಡುತ್ತಾರೆ. ದಯವಿಟ್ಟು ಕೇಳಿ. ಒಬ್ಬರು ಬಿಟ್ಟುಕೊಟ್ಟರೆ ಹಿಂದೆ ಬರುವವರೆಲ್ಲರ ಕೆಲಸಕ್ಕೆ ಕುತ್ತು.

ತೋರಿಸುವುದು, ಇಟ್ಟುಕೊಳ್ಳುವುದು

ಸಾರ್ವಜನಿಕ ಪ್ರದರ್ಶನಕ್ಕೂ ರಾಷ್ಟ್ರೀಯ ಪ್ರಶಸ್ತಿಗೆ ಕಳಿಸಲಿಕ್ಕೂ ಸೆನ್ಸಾರ್ ಪ್ರಮಾಣಪತ್ರ ಬೇಕು. ಅರ್ಜಿ ಆನ್‌ಲೈನಿನಲ್ಲೇ ಹಾಕಬಹುದು. ಚಿತ್ರೋತ್ಸವಗಳಿಗೆ ಸಾಮಾನ್ಯವಾಗಿ ಸಂಘಟಕರೇ ವಿನಾಯಿತಿ ತೆಗೆದುಕೊಂಡಿರುತ್ತಾರೆ. ಸಾಕ್ಷ್ಯಚಿತ್ರ, ಕಿರುಚಿತ್ರಗಳಿಗಾಗಿ 1990ರಲ್ಲಿ ಶುರುವಾದ ಮುಂಬೈ ಚಿತ್ರೋತ್ಸವ (ಮಿಫ್) ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ತಿರುವನಂತಪುರದ ಸಾಕ್ಷ್ಯಚಿತ್ರ, ಕಿರುಚಿತ್ರ ಉತ್ಸವ 2008ರಿಂದ ಇದೆ. ಹೊಸಬರು ಅಲ್ಲಿಗೆ ಪ್ರೇಕ್ಷಕರಾಗಿಯಾದರೂ ಒಮ್ಮೆ ಹೋಗಿಬರಬೇಕು. ಬೆಂಗಳೂರಿನಲ್ಲಿ 1971ರಿಂದ ಇರುವ ಸುಚಿತ್ರಾ ಫಿಲ್ಮ್ ಸೊಸೈಟಿಯಂಥ ಕಡೆ ಪ್ರದರ್ಶನಕ್ಕೆ ಕೇಳಿ ನೋಡಿ.

ಆದರೆ ಮೊದಲ ಪ್ರದರ್ಶನ ಯಾರ ಮೇಲೆ ಚಿತ್ರ ಮಾಡಿದಿರೋ ಅವರ ಓಣಿಯಲ್ಲೇ ಆಗಬೇಕು, ಅದೂ ಚಿತ್ರಕ್ಕೆ ಕೊನೆಯ ಮುದ್ರೆ ಬೀಳುವ ಮೊದಲು. ಯಾವ ಹಂತ ಹಿಂದುಮುಂದಾಗಿದೆ, ಯಾವ ಹತ್ಯಾರಿನ ಹೆಸರು ತಪ್ಪಾಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಅವರಿಗೆ ನೋವಾಗುವ ಮಾತು ಇದ್ದರೆ ತೆಗೆಯಲು ಇನ್ನೂ ಸಮಯ ಇರುತ್ತದೆ.

ಚಿತ್ರ ಮುಗಿದ ಮೇಲೆ ಉಳಿಯುವ ಕಚ್ಚಾ ದೃಶ್ಯ ಚಿತ್ರಕ್ಕಿಂತ ಹತ್ತಾರು ಪಟ್ಟು ಹೆಚ್ಚು, ಎಷ್ಟೋ ಸಲ ಚಿತ್ರಕ್ಕಿಂತ ಬೆಲೆಯುಳ್ಳದ್ದು. ಹಿರಿಯ ಕಸುಬುದಾರರೊಬ್ಬರ ಪೂರ್ತಿ ಮಾತು ಬೇರೆ ಎಲ್ಲೂ ಇರುವುದಿಲ್ಲ. ಮೂರು ಪ್ರತಿ ಇಡಿ: ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕಿನಲ್ಲಿ, ಒಂದು ಬೇರೆ ಊರಿನಲ್ಲಿ. ಪ್ರತಿ ಫೈಲಿನ ಜತೆ ಹೆಸರು, ಊರು, ತಾರೀಕು, ಮಾತಾಡಿದ ಭಾಷೆ, ಏನೇನಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ ಅನ್ನುವುದನ್ನು ಒಂದು ಕಾಗದದಲ್ಲೂ ಬರೆದಿಡಿ. ವರ್ಷಕ್ಕೊಮ್ಮೆ ಡಿಸ್ಕ್ ಹಾಕಿ ತೆರೆದು ನೋಡಿ. ಸಂದರ್ಶನದ ಕತ್ತರಿಸದ ಪೂರ್ತಿ ಪ್ರತಿಯೊಂದನ್ನು ಪೆನ್‌ಡ್ರೈವಿಗೆ ಹಾಕಿ ಆ ಮನೆಯವರಿಗೆ ಕೊಡಿ, ಮುಂದಿನ ಚಿತ್ರಕ್ಕೆ ಹೊರಡುವ ಮೊದಲು.